ಪಂಕ್ತಿಯಲ್ಲೊಂದು ಪಥ್ಯದ ಬಾಳೆ

ಆಟಿಸಂ ಇರುವ ಮಗುವಿಗೆ ಗೋಧಿ ಬೇಡ, ಹಾಲು ಬೇಡ ಎಂದು ತಾಯಿ ಹೇಳಿದರೆ ಹತ್ತು ಜನರ ಮನೆಯಲ್ಲಿ ಹತ್ತು ಮಾತು ಏಳುತ್ತವೆ. ಆ ಪಥ್ಯ ನಿಜಕ್ಕೂ ಬೇಕೇ? ಬೇಕಿದ್ದರೆ ಎಷ್ಟು ದಿನ? ಮನೆಯವರನ್ನು ಒಪ್ಪಿಸುವುದು ಹೇಗೆ? ಅರ್ಧ ಉತ್ತರ ವೈದ್ಯರ ಬಳಿ ಇದೆ, ಉಳಿದರ್ಧ ಶಿರಸಿ ಸೀಮೆಯ ಅಡುಗೆಮನೆಯಲ್ಲೇ ಇದೆ.

ಚೌತಿ ಹತ್ತಿರ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಚಕ್ಕುಲಿ ಕಂಬಳದ ದಿನ ನಿಕ್ಕಿಯಾಗುತ್ತದೆ. ಇವತ್ತು ಈ ಮನೆ, ನಾಳೆ ಆಚೆ ಮನೆ. ಕೇರಿಯವರು ಬಂದು ಜಗಲಿಯಲ್ಲಿ ಸಾಲಾಗಿ ಕೂರುತ್ತಾರೆ. ಅಕ್ಕಿ, ಉದ್ದಿನ ಹಿಟ್ಟು ಕಲಸಿದ ಕಣಕವನ್ನು ಬೆರಳಲ್ಲೇ ಹೊಸೆಯುತ್ತ ಸುತ್ತುವ ಕೈಚಕ್ಕುಲಿ ಅದು, ಒರಳಿನ ಹಂಗಿಲ್ಲ. ಗಂಡಸರೂ ಸುತ್ತುತ್ತಾರೆ. ಯಾರ ಚಕ್ಕುಲಿಗೆ ಎಷ್ಟು ಸುತ್ತು, ಯಾರದು ನಡುವೆ ಕಡಿದುಹೋಯಿತು ಎಂದು ಕಾಲೆಳೆಯುವುದೂ ನಡೆದಿರುತ್ತದೆ. ಒಳಗೆ ಬಾಣಲೆಯಲ್ಲಿ ಎಣ್ಣೆ ಕಾಯುತ್ತಿರುತ್ತದೆ.

ಇಂಥ ಜಗಲಿಯಲ್ಲಿ, ಇಸಳೂರೋ ಅದರಾಚೆಯ ಇನ್ನಾವುದೋ ಊರಿನ ಮನೆಯಲ್ಲಿ, ಸೊಸೆಯೊಬ್ಬಳು ಕಣಕದ ಪಾತ್ರೆ ನೋಡಿ ಕೇಳುತ್ತಾಳೆ ಎಂದುಕೊಳ್ಳಿ: "ಅತ್ತೆ, ಇದ್ಕೆ ಬೆಣ್ಣೆ ಹಾಕಿದ್ರಾ?"

"ಹಾಕದೇ ಗರಿಗರಿ ಆಗ್ತಾ?"

"ಇಂಗು?"

ಸುತ್ತುವ ಕೈಗಳು ಒಂದು ಕ್ಷಣ ನಿಲ್ಲುತ್ತವೆ. ಐದು ವರ್ಷದ ಮಾಣಿ ಮೂಲೆಯಲ್ಲಿ ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತಿದ್ದಾನೆ. ಇನ್ನೊಂದು ಕೈಯಲ್ಲಿ ಅರ್ಧ ಚಕ್ಕುಲಿ. ಕೊಟ್ಟವರು ಯಾರೋ, ಯಾರೂ ಬಾಯಿಬಿಡುವುದಿಲ್ಲ. "ಒಂದ್ ಚೂರು ತಿಂದ್ರೆ ಎಂತೂ ಆಗ್ತಿಲ್ಲೆ" ಎನ್ನುತ್ತಾರೆ ಅತ್ತೆ. "ಅವನ ಅಪ್ಪಂಗೂ ಮಾತು ತಡಾನೇ ಬಂದಿದ್ದು" ಎಂದು ಅಜ್ಜ ಸೇರಿಸುತ್ತಾರೆ.

ಆಟಿಸಂ ಇರುವ ಮಗುವಿನ ಪಥ್ಯದ ಬಗ್ಗೆ ಮನೆಗಳಲ್ಲಿ ನಡೆಯುವ ಜಗಳವೆಲ್ಲ ಈ ಎರಡು ಮಾತಿನಲ್ಲಿ ಅಡಗಿದೆ. ಸೊಸೆ ಕೇಳಿದ್ದು ಮಾಹಿತಿ, ಅತ್ತೆಗೆ ಕೇಳಿಸಿದ್ದು ಆಕ್ಷೇಪಣೆ. ನಲವತ್ತು ವರ್ಷದಿಂದ ಮನೆಮಂದಿಗೆ ಬಡಿಸಿದ ಕೈಯಲ್ಲಿ ವಿಷವಿದೆ ಎಂದಂತೆ. ಇತ್ತ ಸೊಸೆಗೋ, ತಾನು ವಾರಗಟ್ಟಲೆ ಕಾಯ್ದುಕೊಂಡು ಬಂದದ್ದನ್ನು ಒಂದು ಚಕ್ಕುಲಿಯಲ್ಲಿ ಅಳಿಸಿದಂತೆ. ಇಬ್ಬರಲ್ಲಿ ಯಾರನ್ನೂ ತಪ್ಪೆನ್ನುವ ಮೊದಲು ಈ ಪಥ್ಯ ಬಂದದ್ದೆಲ್ಲಿಂದ ಎಂದು ನೋಡಬೇಕು.

ಪಥ್ಯದ ಹಿಂದಿನ ಕಥೆ

1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ವಿವರ ಬರೆದು ಆಟಿಸಂಗೆ ವೈದ್ಯಶಾಸ್ತ್ರದಲ್ಲಿ ಒಂದು ಜಾಗ ಮಾಡಿಕೊಟ್ಟರು. ಆ ಮಕ್ಕಳಲ್ಲಿ ಹಲವರಿಗೆ ಶೈಶವದಿಂದಲೇ ತಿನ್ನಿಸುವುದು ಕಷ್ಟವಾಗಿತ್ತು ಎಂಬುದೂ ಅವರ ಬರಹದಲ್ಲಿದೆ. ಊಟದ ತಕರಾರು ಆಟಿಸಂ ಜೊತೆಗೇ ಬಂದದ್ದು. ಪಥ್ಯ ಬಂದದ್ದು ಆಮೇಲೆ.

1979ರಲ್ಲಿ ನರವಿಜ್ಞಾನಿ ಯಾಕ್ ಪ್ಯಾಂಕ್‌ಸೆಪ್ ಒಂದು ಊಹೆ ಮುಂದಿಟ್ಟರು. ಆಟಿಸಂ ಇರುವವರು ಜನರಿಂದ ದೂರ ಉಳಿಯುವುದು, ನೋವಿಗೆ ಸ್ಪಂದಿಸದಿರುವುದು ಇವೆಲ್ಲ ಅಫೀಮಿನಂಥ ರಾಸಾಯನಿಕಗಳು ಮೆದುಳಿನಲ್ಲಿ ಹೆಚ್ಚಾದಾಗ ಕಾಣುವ ಲಕ್ಷಣಗಳನ್ನು ಹೋಲುತ್ತವೆ ಎಂದರು. ನಾರ್ವೆಯ ಕಾರ್ಲ್ ರೈಖೆಲ್ಟ್ ಇದಕ್ಕೆ ಆಹಾರವನ್ನು ಜೋಡಿಸಿದರು. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಮತ್ತು ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನುಗಳು ಪೂರ್ತಿ ಜೀರ್ಣವಾಗದೆ, ಅವುಗಳ ತುಣುಕುಗಳು ಕರುಳಿನಿಂದ ರಕ್ತಕ್ಕೆ ಸೋರಿ ಮೆದುಳಿನ ಮೇಲೆ ಕೆಲಸ ಮಾಡುತ್ತವೆ ಎಂಬುದು ವಾದ. ಅಲ್ಲಿಂದ ಹೊರಟ ಪಥ್ಯ ಪುಸ್ತಕಗಳಲ್ಲಿ, ತಂದೆತಾಯಂದಿರ ಬಳಗಗಳಲ್ಲಿ ಹಬ್ಬಿತು. ಈಗ ವಾಟ್ಸ್‌ಆ್ಯಪ್‌ ಮೂಲಕ ಘಟ್ಟದ ಮೇಲಿನ ಹಳ್ಳಿಗೂ ಬಂದಿದೆ.

ಊಹೆಯನ್ನು ಒರೆಗೆ ಹಚ್ಚಿದವರಿಗೆ ಸಿಕ್ಕಿದ್ದೇನು? 2006ರಲ್ಲಿ ಪ್ರಕಟವಾದ ಫ್ಲಾರಿಡಾದ ಅಧ್ಯಯನವೊಂದರಲ್ಲಿ 15 ಮಕ್ಕಳಿಗೆ 12 ವಾರಗಳಲ್ಲಿ ಅರ್ಧ ಅವಧಿ ಪಥ್ಯದ ಊಟ, ಅರ್ಧ ಅವಧಿ ಸಾಮಾನ್ಯ ಊಟ ಕೊಟ್ಟರು. ಯಾವುದು ಯಾವಾಗ ಎಂಬುದು ತಂದೆತಾಯಿಗೂ ಗೊತ್ತಿರಲಿಲ್ಲ, ಅಳೆಯುವವರಿಗೂ ಗೊತ್ತಿರಲಿಲ್ಲ. ಕೊನೆಗೆ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಫಲಿತಾಂಶ ಗೊತ್ತಾದ ಮೇಲೂ ಹಲವು ತಂದೆತಾಯಂದಿರು "ನಾವು ಪಥ್ಯ ಮುಂದುವರಿಸುತ್ತೇವೆ" ಎಂದರು. ಏನಾದರೂ ಮಾಡಲೇಬೇಕು ಎಂಬ ಹಂಬಲಕ್ಕೆ ಅಂಕಿಸಂಖ್ಯೆ ಸಾಲುವುದಿಲ್ಲ.

ರಾಚೆಸ್ಟರ್ ವಿಶ್ವವಿದ್ಯಾಲಯದವರು ಇನ್ನೂ ಬಿಗಿಯಾಗಿ ಪರೀಕ್ಷಿಸಿದರು. ಪಥ್ಯದಲ್ಲೇ ಇದ್ದ 14 ಮಕ್ಕಳಿಗೆ ಕೊಡುವ ತಿಂಡಿಯಲ್ಲಿ ಒಂದು ವಾರ ಗೋಧಿ, ಒಂದು ವಾರ ಹಾಲು, ಒಂದು ವಾರ ಎರಡೂ, ಒಂದು ವಾರ ಎರಡೂ ಇಲ್ಲ ಎಂಬಂತೆ ಗುಟ್ಟಾಗಿ ಸೇರಿಸಿದರು. ನಿದ್ದೆ, ಮಲವಿಸರ್ಜನೆ, ವರ್ತನೆ ಮೂರರಲ್ಲೂ ವ್ಯತ್ಯಾಸ ಸಿಗಲಿಲ್ಲ. ಡೆನ್ಮಾರ್ಕ್‌ನಲ್ಲಿ 72 ಮಕ್ಕಳನ್ನು ಸೇರಿಸಿಕೊಂಡು ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದಿಷ್ಟು ಸುಧಾರಣೆ ಕಂಡಿತು ನಿಜ. ಆದರೆ ಅಲ್ಲಿ ಯಾವ ಮಗು ಪಥ್ಯದಲ್ಲಿದೆ ಎಂದು ಮನೆಯವರಿಗೆ ಗೊತ್ತಿತ್ತು, ಗೊತ್ತಿದ್ದವರ ಕಣ್ಣಿಗೆ ಸುಧಾರಣೆ ಬೇಗ ಕಾಣುತ್ತದೆ. ಆವರೆಗಿನ ಅಧ್ಯಯನಗಳನ್ನು ಅಳೆದು ನೋಡಿದ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್, ಆಟಿಸಂನ ಮೂಲ ಲಕ್ಷಣಗಳಿಗೆ ಚಿಕಿತ್ಸೆಯೆಂದು ಗ್ಲುಟೆನ್ ಅಥವಾ ಕೇಸೀನ್ ಬಿಡಿಸುವ ಪಥ್ಯ ಮಾಡಿಸಬೇಡಿ ಎಂದು 2013ರಲ್ಲೇ ಹೇಳಿತು.

ಅಂದಮೇಲೆ ಜಗಲಿಯಲ್ಲಿ ಕೂತು ಅನುಮಾನಪಟ್ಟ ಅಜ್ಜ ಅಜ್ಞಾನಿಯೇನಲ್ಲ. ಅವರ ಅನುಮಾನಕ್ಕೆ ವಿಜ್ಞಾನದ ಬೆಂಬಲವೂ ಸ್ವಲ್ಪ ಇದೆ. ಈ ಮಾತನ್ನು ತಾಯಿಯಾದವಳು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನ ಮಾತುಕತೆ ಅರ್ಧ ಹಗುರ.

'ಒಂದು ಚೂರು ತಿಂದರೆ?'

ಹಾಗೆಂದು ಪಥ್ಯವೆಲ್ಲ ಬೊಗಳೆಯೂ ಅಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಮಲಬದ್ಧತೆ, ಹೊಟ್ಟೆನೋವು, ಭೇದಿಯಂಥ ತೊಂದರೆ ಉಳಿದ ಮಕ್ಕಳಿಗಿಂತ ಹೆಚ್ಚು. ಹೊಟ್ಟೆ ನೋಯುತ್ತಿದೆ ಎಂದು ಹೇಳಲು ಮಾತಿಲ್ಲದ ಮಗು ಗೋಡೆಗೆ ತಲೆ ಬಡಿದುಕೊಂಡೀತು, ಕೈ ಕಚ್ಚಿಕೊಂಡೀತು. ನೋವು ಕಡಿಮೆಯಾದರೆ ಹಟವೂ ಕಡಿಮೆಯಾಗುತ್ತದೆ. ನೋಡಿದವರಿಗೆ 'ಪಥ್ಯದಿಂದ ಆಟಿಸಂ ಕಡಿಮೆಯಾಯಿತು' ಎನಿಸುತ್ತದೆ. ಆದ್ದರಿಂದ ಅಜ್ಜಿಯ "ಒಂದು ಚೂರು ತಿಂದರೆ ಏನಾಗುತ್ತದೆ?" ಎಂಬ ಪ್ರಶ್ನೆಯನ್ನು ಸಿಟ್ಟಿಲ್ಲದೆ ಪ್ರಶ್ನೆಯಾಗಿಯೇ ತೆಗೆದುಕೊಳ್ಳಬೇಕು. ಯಾವ ಪಥ್ಯ ಎಂಬುದರ ಮೇಲೆ ಉತ್ತರ ಬೇರೆ ಬೇರೆ.

ಮಗುವಿಗೆ ಹಾಲಿನದೋ ಗೋಧಿಯದೋ ಅಲರ್ಜಿ ಇದೆ ಎಂದು ವೈದ್ಯರು ಹೇಳಿದ್ದರೆ ಒಂದು ಚೂರೂ ಅಪಾಯ. ಮೈಮೇಲೆ ದದ್ದು, ಉಸಿರಾಟದ ತೊಂದರೆಯವರೆಗೂ ಹೋಗಬಹುದು. ಅಲ್ಲಿ ಸೌಟೂ ಬೇರೆಯಾಗಬೇಕು.

ಗೋಧಿಯಿಂದ ಕರುಳಿನ ಒಳಪದರವೇ ಹಾಳಾಗುವ ಸೀಲಿಯಾಕ್ ಕಾಯಿಲೆ ಇದ್ದರೆ ಜೀವನಪೂರ್ತಿ ಪಥ್ಯ, ಚೂರಿಗೂ ರಿಯಾಯಿತಿಯಿಲ್ಲ. ಉತ್ತರ ಭಾರತಕ್ಕೆ ಹೋಲಿಸಿದರೆ ದಕ್ಷಿಣದಲ್ಲಿ ಇದು ತೀರಾ ಅಪರೂಪ. ಇದರ ರಕ್ತಪರೀಕ್ಷೆಯನ್ನು ಗೋಧಿ ಬಿಡಿಸುವ ಮೊದಲೇ ಮಾಡಿಸಬೇಕು. ಬಿಡಿಸಿ ತಿಂಗಳುಗಳಾದ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲವೆಂದೇ ತೋರಿಸಬಹುದು. ಅವಸರದಲ್ಲಿ ಪಥ್ಯ ಶುರುಮಾಡಿದವರಿಗೆ ಎದುರಾಗುವ ದೊಡ್ಡ ತೊಡಕು ಇದೇ.

ಹಾಲಿನ ಸಕ್ಕರೆ ಜೀರ್ಣವಾಗದ ಮಗುವಾದರೆ ಒಂದು ಲೋಟ ಹಾಲಿಗೆ ಹೊಟ್ಟೆ ಉಬ್ಬರಿಸೀತು. ಎರಡು ಚಮಚ ಮೊಸರಿಗೆ ಸಾಮಾನ್ಯವಾಗಿ ಏನೂ ಆಗದು. ಇಲ್ಲಿ ಅಜ್ಜಿಯ ಮಾತೇ ಸರಿ.

ಔಷಧಕ್ಕೆ ಬಗ್ಗದ ಮೂರ್ಛೆರೋಗವೂ ಜೊತೆಗಿದ್ದು, ನರರೋಗ ತಜ್ಞರು ಕೀಟೋಜೆನಿಕ್ ಪಥ್ಯ ಬರೆದುಕೊಟ್ಟಿದ್ದರೆ ಅದು 1921ರಿಂದ ಬಳಕೆಯಲ್ಲಿರುವ ಚಿಕಿತ್ಸೆ. ಅದರಲ್ಲಿ ಗ್ರಾಂ ಲೆಕ್ಕ. ಒಂದು ಉಂಡೆ ಬೆಲ್ಲ ಲೆಕ್ಕವನ್ನೆಲ್ಲ ಕೆಡಿಸುತ್ತದೆ, ಮೂರ್ಛೆ ಮರುಕಳಿಸಬಹುದು. ಫಿನೈಲ್‌ಕೀಟೋನ್ಯೂರಿಯ ಎಂಬ ಹುಟ್ಟುಕಾಯಿಲೆಯಲ್ಲೂ ಪಥ್ಯವೇ ಚಿಕಿತ್ಸೆ.

ಕೊನೆಯದಾಗಿ, ಈ ಯಾವ ಕಾಯಿಲೆಯೂ ಇಲ್ಲದೆ, ಮಾಡಿ ನೋಡೋಣ ಎಂದು ಶುರುಮಾಡಿದ ಗ್ಲುಟೆನ್–ಕೇಸೀನ್ ಪಥ್ಯ. ಇಲ್ಲಿ ಒಂದು ಚೂರು ತಿಂದರೆ ಮಗುವಿಗೆ ಏನೂ ಆಗುವುದಿಲ್ಲ. ಕೆಡುವುದು ಪ್ರಯೋಗದ ಲೆಕ್ಕ. ಪಥ್ಯ ಫಲಕೊಡಲಿಲ್ಲವೋ, ಪಥ್ಯವೇ ನಡೆಯಲಿಲ್ಲವೋ ಎಂದು ಯಾರೂ ಹೇಳಲಾಗದ ಸ್ಥಿತಿ ಬರುತ್ತದೆ. 'ವಿಷ' ಎನ್ನುವ ಬದಲು 'ಲೆಕ್ಕ ತಪ್ಪುತ್ತದೆ' ಎಂದರೆ ಅತ್ತೆಯ ಮುಖವೂ ಉಳಿಯುತ್ತದೆ, ಸತ್ಯವೂ ಉಳಿಯುತ್ತದೆ.

ಮೊಸರನ್ನ ಮಾತ್ರ ಉಣ್ಣುವವನಿಗೆ ಮೊಸರು ಬಿಡಿಸಿದರೆ

ಈ ಮಕ್ಕಳ ನಾಲಿಗೆ ಬೇರೆ ಥರ. ರುಚಿಗಿಂತ ಹೆಚ್ಚಾಗಿ ಬಣ್ಣ, ವಾಸನೆ, ಬಾಯಲ್ಲಿ ಸಿಗುವ ಹದ, ಅಗಿಯುವಾಗಿನ ಸದ್ದು ಇವು ಅವರನ್ನು ಕಾಡುತ್ತವೆ. ಸಾರಿನಲ್ಲಿ ಒಗ್ಗರಣೆಯ ಸಾಸಿವೆ ಸಿಕ್ಕರೆ ಊಟ ಅಲ್ಲಿಗೇ ನಿಂತಿತು. ಬಿಳಿ ಅನ್ನದ ಪಕ್ಕ ಪಲ್ಯ ತಾಗಿದರೆ ಬಾಳೆಯನ್ನೇ ತಳ್ಳುವವರಿದ್ದಾರೆ. ಒಂದೇ ಬಗೆಯ ಬಿಸ್ಕೆಟ್, ಅದೂ ಮುರಿಯದೇ ಇರುವುದು, ಎಂಬ ಹಟವೂ ಇರುತ್ತದೆ. ಅಜ್ಜಿಯರು ಇದನ್ನು ಸೊಕ್ಕು ಎನ್ನುತ್ತಾರೆ. ನಿಜಕ್ಕೂ ಅದು ಹೆದರಿಕೆ.

ನಮ್ಮ ಕಡೆಯ ಇಂಥ ಮಕ್ಕಳು ನೆಚ್ಚಿಕೊಳ್ಳುವ ಊಟವೆಂದರೆ ಮೊಸರನ್ನ. ಬಿಳಿ, ಮೆದು, ದಿನವೂ ಒಂದೇ ರುಚಿ. ಮೂರು ಹೊತ್ತೂ ಅದನ್ನೇ ಉಣ್ಣುವ ಮಗುವಿಗೆ ಹಠಾತ್ತನೆ ಮೊಸರು ನಿಲ್ಲಿಸಿದರೆ ಮಗು ಬೇರೆ ಊಟಕ್ಕೆ ಬರುತ್ತದೆಂಬ ಭರವಸೆಯಿಲ್ಲ, ಉಪವಾಸ ಬಿದ್ದೀತು. ಹಸಿದರೆ ತಾನೇ ತಿನ್ನುತ್ತದೆ ಎಂಬ ಹಳೆಯ ಮಾತು ಈ ಮಕ್ಕಳ ವಿಷಯದಲ್ಲಿ ನಡೆಯುವುದಿಲ್ಲ. ಇಂಥ ಮಗುವಿಗೆ ಯಾವ ಪಥ್ಯಕ್ಕೂ ಮೊದಲು ತಿನ್ನುವ ಪದಾರ್ಥಗಳ ಪಟ್ಟಿ ಒಂದೊಂದಾಗಿ ಬೆಳೆಯಬೇಕು. ಹೊಸ ಪದಾರ್ಥ ಮೊದಲು ಬಾಳೆಯ ಅಂಚಿನಲ್ಲಿ ಇರಲಿ. ಆಮೇಲೆ ಮುಟ್ಟಲಿ, ಮೂಸಲಿ, ನೆಕ್ಕಲಿ. ತಿನ್ನುವುದು ವಾರಗಳ ಮಾತು.

ಮೂಳೆಯ ಲೆಕ್ಕವೂ ಇದೆ. ಆಟಿಸಂ ಇರುವ ಹುಡುಗರ ಮೂಳೆಯ ದಪ್ಪ ವಯಸ್ಸಿಗೆ ತಕ್ಕಷ್ಟಿಲ್ಲ, ಹಾಲು ಬಿಟ್ಟವರಲ್ಲಿ ಇನ್ನೂ ಕಡಿಮೆ ಎಂದು 2008ರ ಅಮೆರಿಕದ ಅಧ್ಯಯನವೊಂದು ಕಂಡುಕೊಂಡಿತು. ನಮ್ಮ ಐಸಿಎಂಆರ್ ಲೆಕ್ಕದಲ್ಲಿ 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ 550 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ರಾಗಿಯಲ್ಲಿ 100 ಗ್ರಾಂಗೆ 340 ಮಿಲಿಗ್ರಾಂಗೂ ಮೇಲಿದೆ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಆದರೆ ಒಂದು ಲೋಟ ಅಂಬಲಿಗೆ ಹಿಡಿಯುವುದು 20 ಗ್ರಾಂ ಹಿಟ್ಟು. ಸಿಗುವುದು ಸುಮಾರು 70 ಮಿಲಿಗ್ರಾಂ. ಎಳ್ಳು, ನುಗ್ಗೆಸೊಪ್ಪು ಸೇರಿದರೂ ಅಂತರ ತುಂಬುವುದು ಕಷ್ಟ. ಹಾಗಾಗಿ ಹಾಲು ಬಿಡಿಸುವುದಿದ್ದರೆ ಮಕ್ಕಳ ವೈದ್ಯರೋ ಆಹಾರತಜ್ಞರೋ ಲೆಕ್ಕಹಾಕಿ ಕೊಡುವ ಕ್ಯಾಲ್ಸಿಯಂ, ವಿಟಮಿನ್ ಡಿ ಜೊತೆಗಿರಲೇಬೇಕು. "ಹಾಲಿಲ್ಲದೆ ಮಾಣಿ ಬಡವಾಗ್ತ" ಎನ್ನುವ ಅಜ್ಜಿಯ ಕಳವಳಕ್ಕೆ ಸಿಗಬೇಕಾದ ಉತ್ತರ ಇದು.

ವ್ರತಕ್ಕಿರುವ ಕಟ್ಟು ಪಥ್ಯಕ್ಕೇಕಿಲ್ಲ?

ಹಾಲು, ಮೊಸರು ಬಿಟ್ಟು ಅಡುಗೆ ಮಾಡುವುದು ನಮ್ಮ ಸೀಮೆಗೆ ಹೊಸದಲ್ಲ. ಸೋಂದೆಯ ವಾದಿರಾಜ ಮಠವಿರುವ ನೆಲವಿದು. ಮಾಧ್ವ ಸಂಪ್ರದಾಯದ ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ಶಾಕವ್ರತ, ತರಕಾರಿಯಿಲ್ಲ. ಎರಡನೆಯದು ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ನಾಲ್ಕನೆಯದು ದ್ವಿದಳವ್ರತ, ಬೇಳೆಕಾಳಿಲ್ಲ. ಹವ್ಯಕರ ಮನೆಗಳಲ್ಲಿ ಇಷ್ಟು ಬಿಗಿಯಿಲ್ಲದಿದ್ದರೂ ಏಕಾದಶಿಗೆ ಏನು, ಶ್ರಾದ್ಧದ ಅಡುಗೆಗೆ ಯಾವ ತರಕಾರಿ ನಿಷಿದ್ಧ ಎಂದು ಅಡುಗೆಮನೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಂಥ ದಿನ "ಒಂದು ಚೂರು ತಿಂದರೆ ಏನಾಗುತ್ತದೆ" ಎಂದು ಯಾರಾದರೂ ಕೇಳಿದ್ದುಂಟೇ?

ಯಾಕೆ ಕೇಳುವುದಿಲ್ಲ? ವ್ರತಕ್ಕೆ ಸಂಕಲ್ಪವಿದೆ, ಯಾಕೆ ಮಾಡುತ್ತಿದ್ದೇವೆಂದು ಎಲ್ಲರ ಎದುರು ಹೇಳಿ ಕೂರುತ್ತೇವೆ. ಅವಧಿಯಿದೆ, ಶುರುವಾಗುವ ದಿನವೂ ಮುಗಿಯುವ ದಿನವೂ ಪಂಚಾಂಗದಲ್ಲಿದೆ. ಹೇಳಿಕೊಟ್ಟ ಹಿರಿಯರಿದ್ದಾರೆ. ಮುಗಿದಾಗ ಉದ್ಯಾಪನೆಯಿದೆ. ಸೊಸೆ ತಂದ ಪಥ್ಯಕ್ಕೆ ಇವು ಯಾವುದೂ ಇರುವುದಿಲ್ಲ. ಒಂದು ಬೆಳಿಗ್ಗೆ ಹಾಲು ನಿಂತಿತು, ಯಾಕೆಂದು ಪೂರ್ತಿ ಗೊತ್ತಿಲ್ಲ, ಎಂದಿನವರೆಗೆ ಎಂದು ಅವಳಿಗೂ ಗೊತ್ತಿಲ್ಲ. ಕೊನೆಯಿಲ್ಲದ ನಿಯಮವನ್ನು ಮನೆ ಪಾಲಿಸುವುದಿಲ್ಲ, ಕದ್ದು ಮುರಿಯುತ್ತದೆ.

ವ್ರತದ ಈ ಕಟ್ಟನ್ನೇ ಪಥ್ಯಕ್ಕೂ ತೊಡಿಸಬಹುದು. ಮೊದಲು ಹೇಳುವವರು ವೈದ್ಯರಾಗಲಿ. ಮುಂದಿನ ಭೇಟಿಗೆ ಅಜ್ಜನೋ ಅಜ್ಜಿಯೋ ಒಬ್ಬರು ಜೊತೆಗೆ ಹೋಗಲಿ. ಸೊಸೆಯ ಬಾಯಲ್ಲಿ ಬಂದರೆ ವಾದವಾಗುವ ಮಾತು ವೈದ್ಯರ ಬಾಯಲ್ಲಿ ಬಂದರೆ ಸಲಹೆಯಾಗುತ್ತದೆ. ಅತ್ತೆಗೆ ಹೇಳುವ ಕೆಲಸ ಸೊಸೆಯದೊಂದೇ ಆಗದೆ ಮಗನದೂ ಆಗಬೇಕು. ತಾಯಿಗೆ ಹೇಳಲು ಮುಜುಗರವೆಂದು ಗಂಡ ತೋಟಕ್ಕೆ ನಡೆದುಬಿಟ್ಟರೆ ಆ ಪಥ್ಯ ಅಂದೇ ಬಿದ್ದುಹೋಯಿತು.

ಎರಡನೆಯದು ಅವಧಿ. ಎಂಟು ವಾರವೋ ಹನ್ನೆರಡು ವಾರವೋ ವೈದ್ಯರು ಹೇಳಲಿ, ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ದಿನಕ್ಕೂ ಗುರುತು ಹಾಕಿ. ಚೌತಿಯ ತಿಂಗಳಲ್ಲೋ ಕೊನೆಕೊಯ್ಲಿನ ಗಡಿಬಿಡಿಯಲ್ಲೋ ಶುರುಮಾಡಬೇಡಿ. ಅದೇ ಹೊತ್ತಿಗೆ ಹೊಸ ಶಾಲೆ, ಹೊಸ ಔಷಧಿ, ಹೊಸ ಥೆರಪಿಯೂ ಬೇಡ. ಎಲ್ಲ ಒಟ್ಟಿಗೆ ಬದಲಾದರೆ ಯಾವುದರಿಂದ ಏನಾಯಿತೆಂದು ಗೊತ್ತಾಗದು.

ಮೂರನೆಯದು ಲೆಕ್ಕ. ಪಥ್ಯದಲ್ಲಿ ಅತಿ ಕಡಿಮೆ ನಂಬಿಕೆ ಇರುವವರ ಕೈಗೆ ಪುಸ್ತಕ ಕೊಡುವುದು ಒಳ್ಳೆಯದು. ಅಡಿಕೆ ಪಟ್ಟಿಯನ್ನು ವರ್ಷಗಟ್ಟಲೆ ಜೋಪಾನ ಮಾಡುವ, ಮಳೆಗಾಲದಲ್ಲಿ ದಿನವೂ ಮಳೆ ಅಳೆದು ಬರೆದಿಡುವ ಅಜ್ಜಂದಿರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ರಾತ್ರಿ ಎಷ್ಟು ಹೊತ್ತಿಗೆ ಮಲಗಿದ, ಎಷ್ಟು ಸಲ ಎದ್ದ, ಹೊಟ್ಟೆ ಸರಿಹೋಯಿತೋ, ಎಷ್ಟು ಸಲ ಕಿರುಚಿದ, ವಾರಕ್ಕೊಮ್ಮೆ ತೂಕ ಎಷ್ಟು. ಇಷ್ಟು ಸಾಕು. ಪಥ್ಯ ಶುರುವಾಗುವ ಎರಡು ವಾರ ಮೊದಲೇ ಬರೆಯತೊಡಗಿದರೆ ಹೋಲಿಸಲು ಆಧಾರ ಸಿಗುತ್ತದೆ. ಯಾರಾದರೂ ಚಕ್ಕುಲಿ ಕೊಟ್ಟಿದ್ದರೆ ಅದನ್ನೂ ಬರೆಯಲಿ, ಬೈಗುಳವಿಲ್ಲದೆ. ಬೈದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ.

ಅಜ್ಜಿಯ ಕೈಗೆ ಏನು ಕೊಡುತ್ತೀರಿ?

ಮೊಮ್ಮಗ ಮಾತಾಡುವುದಿಲ್ಲ, ಕರೆದರೆ ತಿರುಗುವುದಿಲ್ಲ, ಮಡಿಲಿಗೂ ಬರುವುದಿಲ್ಲ. ಆದರೆ ತಿನ್ನಲು ಕೊಟ್ಟರೆ ಹತ್ತಿರ ಬರುತ್ತಾನೆ. ಅಜ್ಜಿಗೆ ಮೊಮ್ಮಗನ ಜೊತೆ ಉಳಿದಿರುವ ದಾರಿ ಅದೊಂದೇ. ಅದನ್ನೂ 'ಬೇಡ' ಎಂದು ಮುಚ್ಚಿದರೆ ಅವರು ಕದ್ದುಕೊಡುತ್ತಾರೆ, ಕೊಡದೆ ಇನ್ನೇನು ಮಾಡಿಯಾರು? ಆದ್ದರಿಂದ ಏನು ಕೊಡಬಾರದು ಎನ್ನುವ ಪಟ್ಟಿಗಿಂತ ಏನು ಕೊಡಬಹುದು ಎನ್ನುವ ಪಟ್ಟಿ ಉದ್ದವಾಗಿರಬೇಕು.

ಈ ವಿಷಯದಲ್ಲಿ ಮಲೆನಾಡು ಪುಣ್ಯ ಮಾಡಿದೆ. ಚಪಾತಿಯ ಸೀಮೆಯಲ್ಲಿ ಗೋಧಿ ಬಿಡುವುದು ದೊಡ್ಡ ಪಾಡು, ಅಕ್ಕಿಯ ಸೀಮೆಯಲ್ಲಿ ಅದು ಗೊತ್ತೇ ಆಗದಂತೆ ನಡೆಯುತ್ತದೆ. ತೆಳ್ಳೇವಿಗೆ ಜೋನಿಬೆಲ್ಲ, ಒತ್ತು ಶಾವಿಗೆಗೆ ಕಾಯಿಹಾಲು, ಕೊಟ್ಟೆಕಡುಬು, ಹಲಸಿನ ಹಣ್ಣಿನ ಕಡುಬು, ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್. ಇವುಗಳಿಗೆ ಗೋಧಿಯೂ ಬೇಡ, ಹಾಲೂ ಬೇಡ. ಮಡಕೆಯ ಬೆನ್ನಿನ ಮೇಲೆ ಕಾಗದದಷ್ಟು ತೆಳ್ಳಗೆ ಬಳಿದು ಎಬ್ಬಿಸುವ ತೊಡದೇವೂ ಅಕ್ಕಿ, ಬೆಲ್ಲದ್ದೇ. ಪೇಟೆಯ 'ಗ್ಲುಟೆನ್ ಫ್ರೀ' ಪೊಟ್ಟಣಕ್ಕೆ ದುಡ್ಡು ಸುರಿಯುವ ಅಗತ್ಯವಿಲ್ಲ. ಬಿಡಬೇಕಾದ್ದು ಬಿಸ್ಕೆಟ್, ಬ್ರೆಡ್, ರವೆಯ ಉಪ್ಪಿಟ್ಟು, ಕೇಸರಿಬಾತು, ಮೈದಾದ ಕಣಕದ ಹೋಳಿಗೆ, ಪೇಟೆಯ ನೂಡಲ್ಸ್, ಜಾತ್ರೆಯ ಗೋಬಿ ಮಂಚೂರಿ.

ಕಣ್ಣಿಗೆ ಬೀಳದ ಗೋಧಿ ಇರುವುದು ಇಂಗಿನ ಡಬ್ಬಿಯಲ್ಲಿ. ಅಂಗಡಿಯಲ್ಲಿ ಸಿಗುವ ಇಂಗು ಅಪ್ಪಟ ಇಂಗಲ್ಲ. ಅಂಟಿನ ಜೊತೆ ಮೈದಾವನ್ನೋ ಗೋಧಿ ಹಿಟ್ಟನ್ನೋ ಸೇರಿಸಿ ಮಾಡಿದ್ದು. ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅಕ್ಕಿ ಹಿಟ್ಟು ಸೇರಿಸಿದ ಇಂಗೂ ಸಿಗುತ್ತದೆ. ಚಕ್ಕುಲಿ ಕಣಕದ ಎದುರು ಸೊಸೆ ಇಂಗು ಕೇಳಿದ್ದು ಇದಕ್ಕೇ. ಅಲ್ಲೇ ಡಬ್ಬಿ ತಂದು, ಕನ್ನಡಕ ಕೊಟ್ಟು, ಅತ್ತೆಯೇ ಓದುವಂತೆ ಮಾಡಿದ್ದರೆ ಇನ್ನೊಂದು ಮಾತು ಬೇಕಿರಲಿಲ್ಲ.

ಗೋಧಿಗಿಂತ ಕಷ್ಟದ್ದು ಹಾಲು. ಮಜ್ಜಿಗೆಯಿಲ್ಲದೆ ನಮ್ಮ ಊಟ ಮುಗಿಯುವುದಿಲ್ಲ, ತಂಬುಳಿ, ಹಶಿ ಎಲ್ಲದಕ್ಕೂ ಅದು ಬೇಕು. ಒಂದೆಲಗದ ತಂಬುಳಿಯನ್ನು ಮಜ್ಜಿಗೆ ಬದಲು ಕಾಯಿಹಾಲಿನಲ್ಲಿ ಮಾಡಿ, ನಿಂಬೆರಸ ಹಿಂಡಿದರೆ ಹುಳಿಯೂ ಸಿಕ್ಕಿತು. ಒಂದೆಲಗ ತಿಂದರೆ ಬುದ್ಧಿ ಚುರುಕಾಗುತ್ತದೆಂಬ ಅಜ್ಜಿಯ ನಂಬಿಕೆಯನ್ನು ಅಲ್ಲಗಳೆಯುವುದು ಬೇಡ, ಮಾತು ಬಂದೇಬಿಡುತ್ತದೆ ಎಂದು ಕಾಯುವುದೂ ಬೇಡ. ತುಪ್ಪದಲ್ಲಿ ಕೇಸೀನ್ ಇಲ್ಲವೆನ್ನುವಷ್ಟು ಕಡಿಮೆ. ಅಲರ್ಜಿಯಿಲ್ಲದ ಮಗುವಿಗೆ ವೈದ್ಯರು ಒಪ್ಪಿದರೆ ಅದನ್ನು ಉಳಿಸಿಕೊಳ್ಳಬಹುದು. ಕಂಬಳದ ದಿನ ಬೆಣ್ಣೆ, ಇಂಗು ಹಾಕುವ ಮೊದಲೇ ಒಂದು ಮುದ್ದೆ ಕಣಕ ತೆಗೆದಿಟ್ಟು, ಬಿಸಿ ತೆಂಗಿನೆಣ್ಣೆ ಹಾಕಿ ನಾದಿ, 'ಇದು ಮಾಣಿಯದು' ಎಂದು ಅಜ್ಜಿಯೇ ಸುತ್ತಲಿ. ಕೊಡುವ ಅಧಿಕಾರ ಅವರದೇ ಉಳಿದರೆ ಕಾಯುವ ಹೊಣೆಯನ್ನೂ ಅವರೇ ಹೊರುತ್ತಾರೆ.

ಹೊಸಿಲಾಚೆ

ಮನೆ ಒಪ್ಪಿದ ಮೇಲೆ ಊರು. ಉಪನಯನವೋ ಮದುವೆಯೋ, ಒತ್ತಾಯ ಮಾಡಿ ಬಡಿಸುವುದೇ ನಮ್ಮ ಮರ್ಯಾದೆ. ಪಂಕ್ತಿಯಲ್ಲಿ ಕೂತ ಮಗುವಿನ ಬಾಳೆಗೆ ಹೋಳಿಗೆ ಬೀಳಲು ಎರಡು ಕ್ಷಣ ಸಾಕು. ಹಿಂದಿನ ದಿನವೇ ಅಡುಗೆಯವರಿಗೆ ಫೋನ್ ಮಾಡಿ, ಪಂಕ್ತಿಯ ತುದಿಯಲ್ಲಿ ಜಾಗ ಹಿಡಿದು, ಮಗುವಿನ ಪಕ್ಕಕ್ಕೆ ಸೋದರಮಾವನಂಥ ಗಟ್ಟಿ ದನಿಯವರನ್ನು ಕೂರಿಸಿದರೆ ತಾಯಿಯೂ ಎರಡು ತುತ್ತು ನೆಮ್ಮದಿಯಾಗಿ ಉಂಡಾಳು. ಬುತ್ತಿ ತಂದು ಅದೇ ಪಂಕ್ತಿಯಲ್ಲಿ ಬಾಳೆಗೇ ಬಡಿಸಿದರೆ ಮಗು ಬೇರೆ ಕೂತಂತೆ ಆಗುವುದಿಲ್ಲ.

ಶಾಲೆಯದು ಬೇರೆ ಮಾತು. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯದಿಂದ ಸರ್ಕಾರಿ ಶಾಲೆ, ಅಂಗನವಾಡಿಗಳ ಮಕ್ಕಳಿಗೆ ಹಾಲು ಸಿಗುತ್ತಿದೆ. ಉಳಿದ ಮಕ್ಕಳಿಗೆ ಅದು ವರ. ಪಥ್ಯದ ಮಗುವಿಗೆ ಯಾಕೆ ಕೊಡಬಾರದೆಂದು ವೈದ್ಯರ ಚೀಟಿಯ ಪ್ರತಿಯನ್ನು ಮುಖ್ಯ ಶಿಕ್ಷಕರಿಗೂ ಬಿಸಿಯೂಟದ ಅಡುಗೆಯವರಿಗೂ ಕೊಡಬೇಕು, ಬಾಯಿಮಾತು ಸಾಲದು. ಆಟಿಸಂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಒಂದು, ಅನುಕೂಲ ಕೇಳುವುದು ಬೇಡುವುದಲ್ಲ. ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಯಡಿ ಇಂಥ ಮಕ್ಕಳಿಗೆ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯೂ ಇದೆ. ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. ವಿಶೇಷ ಅಗತ್ಯದ ಮಕ್ಕಳಿಗಾಗಿ ಶಿರಸಿಯಲ್ಲೇ ಅಜಿತ ಮನೋಚೇತನದಂಥ ಸಂಸ್ಥೆ ಕೆಲಸ ಮಾಡುತ್ತಿದೆ.

ಅಡುಗೆಮನೆಯ ಗೋಡೆಗೆ

• ಯಾವ ಪಥ್ಯ, ಯಾರು ಹೇಳಿದ್ದು, ಯಾವ ದಿನದವರೆಗೆ: ದೊಡ್ಡ ಅಕ್ಷರದಲ್ಲಿ ಬರೆಯಿರಿ.
• ಗೋಧಿ ಬಿಡಿಸುವ ಮೊದಲು ಸೀಲಿಯಾಕ್ ರಕ್ತಪರೀಕ್ಷೆ ಆಗಿರಲಿ.
• ಕೊಡಬಹುದಾದ ತಿಂಡಿಯ ಡಬ್ಬಿ ಅಜ್ಜಿಯ ಕೈಗೆ ಸಿಗುವಲ್ಲಿ ಇರಲಿ.
• ಇಂಗು, ಸಾಸ್, ಮಸಾಲೆ ಪುಡಿಯ ಪೊಟ್ಟಣದ ಹಿಂಬದಿ ಓದಿ.
• ತಪ್ಪಿ ತಿಂದರೆ ಬೈಯಬೇಡಿ, ಬರೆದಿಡಿ.
• ತೂಕ ಇಳಿದರೆ, ಊಟ ಇನ್ನಷ್ಟು ಕಡಿಮೆಯಾದರೆ ಅವಧಿ ಮುಗಿಯುವವರೆಗೆ ಕಾಯದೆ ವೈದ್ಯರಲ್ಲಿ ಹೋಗಿ.

ನಿಲ್ಲಿಸುವ ದಿನ

ಶುರುಮಾಡುವುದಕ್ಕಿಂತ ಕಷ್ಟ ನಿಲ್ಲಿಸುವುದು. ಕ್ಯಾಲೆಂಡರಿನ ಎರಡನೇ ಗುರುತು ಬಂದ ದಿನ ಮನೆಯವರೆಲ್ಲ ಕೂತು ಅಜ್ಜನ ಪುಸ್ತಕ ತೆರೆಯಬೇಕು. ನಿದ್ದೆ ಸುಧಾರಿಸಿದೆಯೇ, ಹೊಟ್ಟೆ ಸರಿಹೋಗಿದೆಯೇ, ತೂಕ ಇಳಿದಿಲ್ಲವೇ? ಹೌದೆಂದರೆ ಹಾಲೋ ಗೋಧಿಯೋ ಒಂದನ್ನು ಮತ್ತೆ ಕೊಟ್ಟು, ತೊಂದರೆ ಮರಳುತ್ತದೆಯೇ ಎಂದು ವೈದ್ಯರ ಸಲಹೆಯಂತೆ ನೋಡಬೇಕು. ಅಲರ್ಜಿ, ಸೀಲಿಯಾಕ್ ಇರುವ ಮಗುವಿಗೆ ಈ ಮಾತು ಅನ್ವಯಿಸುವುದಿಲ್ಲ. ಪುಸ್ತಕದಲ್ಲಿ ಏನೂ ಬದಲಾಗಿಲ್ಲವೆಂದರೆ ಮೊಸರನ್ನ ಮರಳಿ ಬರಲಿ.

ಆ ದಿನ ತಾಯಿಗೆ ಸೋತಂತೆ ಅನಿಸುತ್ತದೆ. "ನಾವು ಆಗಲೇ ಹೇಳಿದ್ದೆವು" ಎಂಬ ಒಂದು ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರಬಾರದು. ಮಗುವಿಗಾಗಿ ಮೂರು ತಿಂಗಳು ಎಚ್ಚರದಿಂದ ಅಡುಗೆ ಮಾಡಿದವಳು ಕಂಡುಹಿಡಿದದ್ದು ಸಣ್ಣದೇನಲ್ಲ: ಈ ದಾರಿ ನಮ್ಮ ಮಗುವಿನದಲ್ಲ ಎಂಬುದನ್ನು. ಲೆಕ್ಕವಿಟ್ಟು ಕಂಡುಕೊಂಡದ್ದರಿಂದ ಇನ್ನು ಆ ಬಗ್ಗೆ ಕೊರಗಬೇಕಿಲ್ಲ, ನಾಳೆ ಇನ್ನೊಬ್ಬರು ಇನ್ನೊಂದು ದುಬಾರಿ ಪುಡಿ ಮಾರಲು ಬಂದರೆ ಅದಕ್ಕೂ ಇದೇ ಪುಸ್ತಕ ತೋರಿಸಬಹುದು.

ಮನೆ ಒಟ್ಟಾಗುವುದರಿಂದ ಮಗುವಿಗೆ ಆಗುವ ಲಾಭಕ್ಕೆ ಪಥ್ಯದ ಪುರಾವೆಗಿಂತ ಗಟ್ಟಿ ಪುರಾವೆ ನಮ್ಮ ನೆರೆಯಲ್ಲೇ ಇದೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಆಟಿಸಂ ಇರುವ 65 ಮಕ್ಕಳ ಮನೆಗಳಲ್ಲಿ ನಡೆದ ಪಾಸ್ ಎಂಬ ಅಧ್ಯಯನದಲ್ಲಿ, ತಜ್ಞರಲ್ಲದ ಕಾರ್ಯಕರ್ತರು ತಂದೆತಾಯಿಗೆ ಮಗುವಿನ ಗಮನ ಹಿಡಿದು ಆಡುವುದನ್ನು, ಅದರ ಸನ್ನೆಗೆ ತಕ್ಕಂತೆ ಸ್ಪಂದಿಸುವುದನ್ನು ಕಲಿಸಿದರು. ಮಕ್ಕಳು ತಾವಾಗಿ ಮುಂದೆ ಬಂದು ತಂದೆತಾಯಿಯ ಜೊತೆ ಬೆರೆಯುವುದು ಹೆಚ್ಚಿತು. ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆ 2016ರಲ್ಲಿ ಇದನ್ನು ಪ್ರಕಟಿಸಿತು. ದೊಡ್ಡ ಆಸ್ಪತ್ರೆ ದೂರವಿರುವ ಇಸಳೂರಿನಂಥ ಊರಿಗೆ ಹೇಳಿ ಮಾಡಿಸಿದಂಥ ಕೆಲಸವಿದು. ಮನೆಯಲ್ಲಿ ನಾಲ್ಕು ಜನರಿದ್ದರೆ ಮಗುವಿನ ಜೊತೆ ಆಡುವವರೂ ನಾಲ್ಕು ಜನ. ಪಥ್ಯಕ್ಕಾಗಿ ಒಂದಾದ ಮನೆ ಇದಕ್ಕೂ ಒಂದಾಗಬಲ್ಲದು. ಅಜ್ಜನ ಪುಸ್ತಕದಲ್ಲಿ ಇನ್ನೂ ಹಾಳೆಗಳಿವೆ. ಹಾಲಿನ ಕಾಲಂ ಹೊಡೆದುಹಾಕಿ, ಮಾಣಿ ಇವತ್ತು ಎಷ್ಟು ಸಲ ತಾನಾಗಿ ಯಾರದಾದರೂ ಕೈಹಿಡಿದು ಎಳೆದ ಎಂದು ಬರೆಯತೊಡಗಿದರಾಯಿತು.